ಕಾದ ಕಲ್ಲು

ಪುಷ್ಯದ ಚಳಿ. ಚಂದ್ರವಳ್ಳಿ ಕೆರೆ
ಬಾಯಿ ತೆರೆದು ಉಸಿರಾಡುತ್ತಿದೆ.
ಐದೂಮುಕ್ಕಾಲಿಗೇ ಬಂದು ಕೂತಿದ್ದೇನೆ,
ಕಿವಿಗೆ ಮಫ್ಲರು, ಎಡಗೈಗೆ ಕಾಲುಚೀಲ,
ಬಲಗೈಗೆ ಏನೂ ಇಲ್ಲ.
ಅದು ದುಡಿಯುವ ಕೈ, ಬಟ್ಟೆ ಒಗ್ಗುವುದಿಲ್ಲ.

ಬಿಳಿಯ ಟ್ಯೂಬು ಬರುತ್ತಿಲ್ಲ.
ಹಿಂಡಿದೆ, ಬುಡದಿಂದ ಸುರುಳಿ ಸುತ್ತಿದೆ,
ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿದೆ.
ಕೊನೆಗೆ ಕಂಕುಳಿಗೊಂದು ಟ್ಯೂಬು ಅವುಚಿಕೊಂಡು
ಕಾವಿಗೆ ಕೂತ ಕೋಳಿಯ ಹಾಗೆ ಕೂತೆ:
ಬಲಕ್ಕೆ ಬಿಳಿ, ಎಡಕ್ಕೆ ಕಾವಿ.

ದಾವಣಗೆರೆ ಲಾರಿ ಸ್ಟ್ಯಾಂಡಿನ ದಾದಾಪೀರ್ ಹೇಳಿದ್ದ:
'ಎನಾಮಲ್ಲು ಅಂದ್ರ ಗಂಟೇನಾಗ ಒಣಗ್ತೈತಿ ನೋಡಪ.
ಈ ಎಣ್ಣೆ ಬಣ್ಣ ಸ್ವಾದರಮಾವಗೆ ಕೊಟ್ಟ ಸಾಲ ಇದ್ದಂಗ,
ಇವತ್ತು ಅಂತಾನ, ಹಬ್ಬಕ್ಕೂ ಕೊಡಲ್ಲ.'
ಇಪ್ಪತ್ತು ವರ್ಷ ನಾವಿಬ್ಬರೂ ಲಾರಿಗಳ ಬೆನ್ನಿಗೆ
ನವಿಲು, ಹದ್ದಿನ ಕಣ್ಣು, ಮಾಲೀಕರ ಮಕ್ಕಳ ಹೆಸರು ಬರೆದವರು.
ಸ್ಟಿಕ್ಕರು ಬಂತು.
ಅವನು ಸ್ಟಿಕ್ಕರು ಅಂಟಿಸಲು ಕಲಿತ.
ನಾನು ಕಲ್ಲು ನೋಡಲು ಬಂದೆ.

ದುರ್ಗದ ಕಲ್ಲು ಕಪ್ಪಲ್ಲ. ಇಷ್ಟು ತಿಳಿಯಲು
ಮೂರು ಚಳಿಗಾಲ ಹಿಡಿಯಿತು.
ಬೆಳಕಿಗೆ ಮುಂಚೆ ಅದು ನೇರಳೆ,
ಬೆಳಕಾದ ಮೇಲೆ ಆರಿದ ರಾಗಿಮುದ್ದೆಯ ಮೇಲ್ಪದರ.
ನಡುವೆ ಒಂದು ಮೂರು ನಿಮಿಷ
ಏನೋ ಒಂದು, ಯಾವ ಟ್ಯೂಬಿನ ಮೇಲೂ ಅದರ ಹೆಸರಿಲ್ಲ.
ಅದಕ್ಕೇ ಈ ಅವತಾರ.

ಅಗಸೆ ಎಣ್ಣೆ ಎರಡು ಹನಿ ಬಿಟ್ಟೆ. ಮನೆಯಲ್ಲಿ
ಇದೇ ಅಗಸೆ ಚಟ್ನಿಪುಡಿಯಾಗಿ
ರೊಟ್ಟಿಯ ಪಕ್ಕ ಕಾಯುತ್ತಿರುತ್ತದೆ.
ನೆನೆದರೆ ಹೊಟ್ಟೆಗೆ ತಿಳಿಯುತ್ತದೆ, ಬೆರಳಿಗೆ ಏನೂ ತಿಳಿಯದು.
ಬ್ರಷ್ಷು ಕೈಜಾರಿದ್ದು
ಸದ್ದಾದ ಮೇಲೆ ಗೊತ್ತಾಯಿತು.

ಪಂಪ್‌ಹೌಸಿನ ಪಾಲಯ್ಯ, ರಾತ್ರಿಯಿಡೀ ತಣ್ಣೀರು ಕಾದವನು,
ಕಂಬಳಿ ಕೊಪ್ಪೆಯಲ್ಲಿ ಬಂದು, ಕೇಳದೆ,
ನನ್ನ ಮಗ್ಗುಲಲ್ಲೇ ಜಾಲಿಪುಳ್ಳೆ ಗುಡ್ಡೆ ಮಾಡಿ ಕಡ್ಡಿ ಗೀರಿದ.
'ಬ್ಯಾಡಪ್ಪೋ!' ಎಂದು ಟರ್ಪೆಂಟೈನ್ ಡಬ್ಬಿ ಎದೆಗವುಚಿ ಎದ್ದೆ.
ಮೂಸಿದ. ಮುಖ ಸಿಂಡರಿಸಿದ.
ಪುಳ್ಳೆಯನ್ನೆಲ್ಲ ಕಾಲಲ್ಲೇ ತಳ್ಳುತ್ತ
ಹತ್ತು ಹೆಜ್ಜೆ ಆಚೆ ಒಯ್ದು ಹಚ್ಚಿದ.
ನಾನು ಇಲ್ಲಿ, ಬೆಂಕಿ ಅಲ್ಲಿ.
ನೋಡಿದರೇ ಬೆಚ್ಚಗಾಗುವುದಿದ್ದರೆ
ಚಿತ್ರ ಬರೆಯುವವನಷ್ಟು ಸುಖಿ ಯಾರಿದ್ದರು?

ಆಮೇಲೆ ಅವನು ಮಾಡಿದ್ದಿಷ್ಟು:
ಬೆಂಕಿಯ ಅಂಚಿನಿಂದ ಒಂದು ಚಪ್ಪಟೆ ಕಲ್ಲು
ಕೋಲಲ್ಲಿ ಎಳೆದು, ಕಂಬಳಿಯ ಚುಂಗಲ್ಲಿ ಹಿಡಿದು ತಂದು
ನನ್ನ ಬಣ್ಣದ ತಟ್ಟೆಯ ಅಡಿಗಿಟ್ಟ.
(ಯಾರದೋ ಮದುವೆಯ ಹೆಸರು ಕೆತ್ತಿದ ಸ್ಟೀಲು ತಟ್ಟೆ ಅದು.)
'ದ್ವಾಸೆ ಹೆಂಚು ಅಂದ್ಕಳ್ಳಿ' ಅಂದ.
ಬೀಡಿ ಹಚ್ಚಲು ತಿರುಗಿ ಹೋದ.

ಬಿಳಿ ಮೊದಲು ಬೆವರಿತು. ಆಮೇಲೆ ಕಾವಿ
ಕರುವಿನ ಮೂತಿಯಷ್ಟು ಮೆತ್ತಗಾಯಿತು.
ಗುಡ್ಡದ ಕಲ್ಲೇ ಗುಡ್ಡದ ಬಣ್ಣ ಕಾಯಿಸುತ್ತಿದೆಯಲ್ಲ
ಎಂದು ಬೆರಗಾಗುತ್ತ ಕೂತರೆ ಆ ಮೂರು ನಿಮಿಷ ಕೈತಪ್ಪುತ್ತದೆ.
ಕೂರಲಿಲ್ಲ. ಚಾಕುವಿನಲ್ಲಿ ಬಳಿದೆ, ಹೆಬ್ಬೆರಳಲ್ಲಿ ಬಳಿದೆ,
ಕಾಲುಚೀಲದಲ್ಲಿ ಒರೆಸಿದೆ, ಮತ್ತೆ ಬಳಿದೆ.
ಬಿಸಿಲು ಬಂತು. ನಿಲ್ಲಿಸಿದೆ.

ಪಾಲಯ್ಯ ಬಹಳ ಹೊತ್ತು ನೋಡಿ,
'ಕಲ್ಲು ಸರಿ. ನನ್ ಬೆಂಕಿ ಎಲ್ಲೈತೆ?' ಅಂದ.
ಅದು ಬೆನ್ನ ಹಿಂದಿತ್ತು ಅಂದೆ.
ಅಷ್ಟರಲ್ಲಿ ಒಂದು ಚೂರು ಬೂದಿ
ಗಾಳಿಗೆ ಎದ್ದು ಬಂದು, ಹಸಿ ಆಕಾಶಕ್ಕೆ ಅಂಟಿತು.
ಇಬ್ಬರೂ ನೋಡಿದೆವು. ತೆಗೆಯಲಿಲ್ಲ.

ಶಿವರಾತ್ರಿ ಕಳೆದು, ಚಳಿ ಶಿವಶಿವಾ ಅಂತ ಹೋಯಿತು.
ಗೋಡೆಗೊರಗಿದ ಚಿತ್ರ ಈಗ ಮುಟ್ಟಿದರೆ ಅಂಟುವುದಿಲ್ಲ.
ದಾದಾಪೀರ್ ಬಂದವನು, ಲಾರಿಗೆ ಮಾಡುವಂತೆಯೇ,
ಉಗುರು ಒತ್ತಿ ನೋಡಿದ.
ಬೂದಿಯ ಕೆಳಗಿನ ದಪ್ಪ ಬಿಳಿಯಲ್ಲಿ
ಉಗುರು ಮೆಲ್ಲಗೆ ಇಳಿಯಿತು.
'ಒಳಗ ಇನ್ನಾ ಹಸಿ ಐತಲ್ಲೋ' ಅಂದ,
ಬೆರಳು ಮೂಸಿದ,
ಪ್ಯಾಂಟಿಗೆ ಒರೆಸಿಕೊಂಡು
ಚಟ್ನಿಪುಡಿ ಇದೆಯಾ ಅಂತ ಕೇಳಿದ.